ಮೂರು ದ್ರಾಕ್ಷಿ ಸೇರಿದರೆ ಕಲಬೆರಕೆಯೇ?

ಪ್ರಶ್ನೆ: ಇಟಲಿಯಿಂದ ಬಂದ ಮಗಳು ‘ಬೋಲ್ಗೆರಿ ರೊಸ್ಸೊ’ ಎಂಬ ಕೆಂಪು ವೈನ್ ತಂದಿದ್ದಾಳೆ. ಕ್ಯಾಬರ್ನೆ ಸೋವಿನ್ಯೋ, ಮೆರ್ಲೊ, ಕ್ಯಾಬರ್ನೆ ಫ್ರಾಂಕ್ ಮೂರೂ ಸೇರಿವೆ ಎಂದು ಬಾಟಲಿಯ ಮೇಲಿದೆ. ಒಂದೇ ದ್ರಾಕ್ಷಿಯ ವೈನ್‌ಗಿಂತ ಇದು ಕೆಳದರ್ಜೆಯದೇ? ಹತ್ತು ವರ್ಷ ಇಟ್ಟರೆ ರುಚಿ ಹೆಚ್ಚುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಆ ಅನುಮಾನ ಬಿಡಿ. ಟಸ್ಕನಿಯ ಕಡಲಂಚಿನ ಬೋಲ್ಗೆರಿ ಹೆಸರು ಮಾಡಿದ್ದೇ ಇಂಥ ಮಿಶ್ರಣಗಳಿಂದ. ಅಲ್ಲಿನ ತೆನುತಾ ಸಾನ್ ಗುಯಿದೊ ತೋಟದ ‘ಸಸ್ಸಿಕಾಯಾ’ ಎಂಬ ವೈನ್‌ನಲ್ಲಿ ಕ್ಯಾಬರ್ನೆ ಸೋವಿನ್ಯೋ ಸುಮಾರು ಶೇ 85, ಉಳಿದದ್ದು ಕ್ಯಾಬರ್ನೆ ಫ್ರಾಂಕ್. 1978ರಲ್ಲಿ ಲಂಡನ್ನಿನಲ್ಲಿ ಲೇಬಲ್ ಮರೆಮಾಡಿ ರುಚಿ ನೋಡಿದಾಗ ಅದರ 1972ರ ಬಾಟಲಿ ಉಳಿದ ದೇಶಗಳ ಕ್ಯಾಬರ್ನೆಗಳನ್ನು ಹಿಂದಿಕ್ಕಿತು. ಆಗ ಇಟಲಿಯ ಸರ್ಕಾರಿ ದರ್ಜೆಯಲ್ಲಿ ಅದು ಬರೀ ‘ಊಟದ ವೈನ್’! ಬೋಲ್ಗೆರಿಯ ಕೆಂಪು ವೈನ್‌ಗೆ ಅಧಿಕೃತ ಮಾನ್ಯತೆ ಸಿಕ್ಕಿದ್ದು 1994ರಲ್ಲಿ. ದರ್ಜೆಯ ಚೀಟಿಯನ್ನು ನಾನು ಅಷ್ಟಾಗಿ ನಂಬದಿರುವುದು ಇದಕ್ಕೇ.

ಬೆರೆಸುವುದಕ್ಕೆ ಕಾರಣ ತೋಟದಲ್ಲಿದೆ. ಮೆರ್ಲೊ ಬೇಗ ಹಣ್ಣಾಗುತ್ತದೆ. ತೇವ ಹಿಡಿದಿಡುವ ಜೇಡಿಮಣ್ಣು ಅದಕ್ಕೆ ಹಿತ. ಕ್ಯಾಬರ್ನೆ ಸೋವಿನ್ಯೋ ತಡವಾಗಿ ಮಾಗುತ್ತದೆ, ನೀರು ಬಸಿದುಹೋಗುವ ಕಲ್ಲುನೆಲ ಬೇಡುತ್ತದೆ. ಒಂದೇ ತೋಟದಲ್ಲಿ ಎರಡೂ ಬಗೆಯ ಮಣ್ಣು ಇರುವುದುಂಟು. ಸಮುದ್ರದ ಗಾಳಿ ಬೇಸಿಗೆಯ ಉರಿಯನ್ನು ತಗ್ಗಿಸಿ, ಗೊಂಚಲಿನ ತೇವ ಒಣಗಿಸಿ ಬೂಸ್ಟು ತಡೆಯುವುದರಿಂದ ತಡವಾದ ಹಣ್ಣನ್ನೂ ನಿಶ್ಚಿಂತೆಯಿಂದ ಬಳ್ಳಿಯಲ್ಲಿ ಬಿಡಬಹುದು. ಸಾಮಾನ್ಯವಾಗಿ ಒಂದೊಂದನ್ನೂ ಬೇರೆಯಾಗಿ ಕೊಯ್ದು, ಬೇರೆಯಾಗಿ ಹುಳಿಯಿಸಿ, ಕೊನೆಗೆ ರುಚಿ ನೋಡುತ್ತ ಕೂಡಿಸುತ್ತಾರೆ. ಮೆರ್ಲೊದಿಂದ ಮೆದುತನ, ಸೋವಿನ್ಯೋದಿಂದ ಕಸುವು ಮತ್ತು ಒಗರು, ಫ್ರಾಂಕ್‌ನಿಂದ ಹಸಿರೆಲೆಯಂಥ ಘಮ.

ಹತ್ತು ವರ್ಷ ಮಾತ್ರ ಬೇಡ. ‘ಸುಪೀರಿಯೊರೆ’ ಎಂಬ ಮೇಲ್ದರ್ಜೆಯದಾಗಿದ್ದರೆ ಮಾತು ಬೇರೆ. ನಿಮ್ಮದು ಕೆಲವೇ ವರ್ಷಗಳಲ್ಲಿ ಕುಡಿಯಲು ಮಾಡಿದ್ದು. ಮೇಲಾಗಿ ನಮ್ಮ ಏಪ್ರಿಲ್ ಸೆಕೆಯಲ್ಲಿ, ಅದೂ ಶೋಕೇಸಿನಲ್ಲಿ ನಿಲ್ಲಿಸಿದ ಬಾಟಲಿ ಮಾಗುವುದಿಲ್ಲ, ಕೆಡುತ್ತದೆ. ತೆರೆಯುವವರೆಗೆ ಕತ್ತಲೆಯ ತಂಪು ಜಾಗದಲ್ಲಿ ಅಡ್ಡ ಮಲಗಿಸಿಡಿ.

ಕುಡಿಯುವ ದಿನ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. 16ರಿಂದ 18 ಡಿಗ್ರಿ ಸಾಕು. ಬಳಿಕ ಅಗಲ ಬಾಯಿಯ ಗಾಜಿನ ಹೂಜಿಗೆ ಸುರಿದು ತುಸು ಗಾಳಿಯಾಡಲು ಬಿಟ್ಟರೆ ಒಗರು ಹದವಾಗುತ್ತದೆ. ಖಾರದ ಮಟನ್ ಸಾರಿನ ಜೊತೆ ಬಡಿಸಬೇಡಿ: ಒಗರೂ ಆಲ್ಕೋಹಾಲೂ ಸೇರಿ ಮೆಣಸಿನಕಾಯಿಯ ಉರಿಯನ್ನು ಇಮ್ಮಡಿಸುತ್ತವೆ. ಆ ಸೀಮೆಯವರು ಕಾಡುಹಂದಿಯ ಮಾಂಸ ಬೇಯಿಸುತ್ತಾರೆ. ನಿಮಗೆ ಉಪ್ಪು, ಕಾಳುಮೆಣಸು ಸವರಿ ಹುರಿದ ಕುರಿಮಾಂಸ ಸಾಕು, ಸಸ್ಯಾಹಾರಿಗಳಾದರೆ ಬೆಣ್ಣೆಯಲ್ಲಿ ಬಾಡಿಸಿದ ಅಣಬೆ.