ಆಟೋ ಕಟ್‌ಆಫ್ ನಾಝಲ್ ಇದ್ದರೂ ಬೋಟ್‌ಗೆ ಪೆಟ್ರೋಲ್ ತುಂಬಿಸುವಾಗ ನೀರಿಗೆ ಚೆಲ್ಲುವುದೇಕೆ? ತಡೆಯುವುದು ಹೇಗೆ?

ನಾಝಲ್ ತುದಿಯಲ್ಲಿರುವ ಸಣ್ಣ ತೂತು ಪೆಟ್ರೋಲಿನಲ್ಲಿ ಮುಳುಗಿ ಗಾಳಿ ಎಳೆಯಲಾಗದಾಗ ಮಾತ್ರ ಹರಿವು ಕಟ್ ಆಗುತ್ತದೆ. ಆದರೆ ಬೋಟ್‌ನ ಟ್ಯಾಂಕಿನ ವೆಂಟ್ ಪೈಪು (ಒಳಗಿನ ಗಾಳಿ ಹೊರಹೋಗುವ ಕೊಳವೆ) ಸಾಮಾನ್ಯವಾಗಿ ಬೋಟ್‌ನ ಪಕ್ಕದ ಗೋಡೆಯಲ್ಲಿ, ಪೆಟ್ರೋಲ್ ತುಂಬುವ ಫಿಲ್ಲರ್ ಬಾಯಿಗಿಂತ ಕೆಳಗೆ ತೆರೆದುಕೊಂಡಿರುತ್ತದೆ. ಹಾಗಾಗಿ ತೂತು ಮುಳುಗುವ ಮೊದಲೇ ಪೆಟ್ರೋಲ್ ವೆಂಟ್‌ನಿಂದ ಹೊರಗೆ ಚಿಮ್ಮಬಹುದು. ತೀರಾ ನಿಧಾನಕ್ಕೆ ಬಿಟ್ಟಾಗಲೂ ಎಳೆತ ಸಾಲದೆ ನಾಝಲ್ ಕೈಕೊಡುತ್ತದೆ.

ಆದ್ದರಿಂದ ಟ್ರಿಗರ್ ಒತ್ತಿಹಿಡಿಯುವ ಕ್ಲಿಪ್ ಹಾಕಿ ಬಿಡಬೇಡಿ, ಟ್ರಿಗರ್ ಕೈಯಲ್ಲೇ ಇರಲಿ. ಎಷ್ಟು ಲೀಟರ್ ಹಿಡಿಸುತ್ತದೆಂದು ಮೊದಲೇ ಲೆಕ್ಕ ಹಾಕಿ, ಟ್ಯಾಂಕ್ ಶೇ. 90 ತುಂಬಿದಾಗ ನಿಲ್ಲಿಸಿ. 100 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಸುಮಾರು 2 ಲೀಟರ್ ಹಿಗ್ಗುತ್ತದೆ, ಅದಕ್ಕೂ ಜಾಗ ಬೇಕಲ್ಲ! ವೆಂಟ್ ಬಾಯಿಗೆ ಹೀರುವ ಪ್ಯಾಡ್ ಹಿಡಿದು ಕಿವಿಗೊಡಿ. ಗಾಳಿಯ ಸದ್ದು ಗುಳುಗುಳು ಆಯಿತೆಂದರೆ ತಕ್ಷಣ ಟ್ರಿಗರ್ ಬಿಡಿ. ಚೆಲ್ಲಿದ್ದಕ್ಕೆ ಸೋಪು ಸುರಿಯಬೇಡಿ. ಪೆಟ್ರೋಲ್ ಹೋಗುವುದಿಲ್ಲ, ನೀರಿನೊಳಗೆ ಬೆರೆಯುತ್ತದೆ ಅಷ್ಟೇ.