ಕ್ಯಾನ್‌ಬೆರಾದ ಬಾಲ್ಯದ ಚಿತ್ರಗಳು

ಪ್ರಶ್ನೆ: ನಕ್ಷೆ ಹಾಕಿಯೇ ಕಟ್ಟಿದ ನಗರವೊಂದು ಬೆಳೆದ ಬಗೆಯನ್ನು ತೋರಿಸುವ ಹಳೆಯ ಛಾಯಾಚಿತ್ರಗಳು ಎಲ್ಲಾದರೂ ಉಳಿದಿವೆಯೇ?

ಉತ್ತರ: ಉಳಿದಿವೆ, ಅವುಗಳಲ್ಲಿ ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾದ ಚಿತ್ರಗಳಿಗೇ ನಾನು ಮೊದಲ ಸ್ಥಾನ ಕೊಡುತ್ತೇನೆ. 1912ರ ಸ್ಪರ್ಧೆಯಲ್ಲಿ ಗೆದ್ದ ವಾಲ್ಟರ್ ಬರ್ಲಿ ಗ್ರಿಫಿನ್ ಅವರ ವಿನ್ಯಾಸವು, ಅದರ ಸೊಗಸಾದ ಚಿತ್ರಗಳನ್ನು ಬರೆದವರು ಅವರ ಪತ್ನಿ ಮೇರಿಯನ್ ಎಂಬುದನ್ನು ಮರೆಯಬಾರದು, ಕುರಿ ಮೇಯುತ್ತಿದ್ದ ಬಯಲಿನಲ್ಲಿ ನಿಧಾನವಾಗಿ ರೂಪ ತಳೆಯುತ್ತಿದ್ದಾಗ, ಸರ್ಕಾರಿ ನೌಕರ ವಿಲಿಯಂ ಜೇಮ್ಸ್ ಮಿಲ್ಡನ್‌ಹಾಲ್ 1920ರ ದಶಕದ ಆರಂಭದಿಂದ ರಸ್ತೆ, ಸೇತುವೆ, ಮನೆ, ಕಾರ್ಮಿಕರ ಬಿಡಾರಗಳನ್ನೆಲ್ಲ ಗಾಜಿನ ಫಲಕಗಳಲ್ಲಿ ಸೆರೆಹಿಡಿದರು. ಅಂಥ 7,000ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಪತ್ರಾಗಾರವು ಕಾಪಾಡಿಕೊಂಡು ಬಂದಿದೆ. 1927ರಲ್ಲಿ ಉದ್ಘಾಟನೆಗೊಂಡ ಸಂಸತ್ ಭವನವು ಬೋಳು ಬಯಲಿನ ನಡುವೆ ಬೆಳ್ಳಗೆ ಒಂಟಿಯಾಗಿ ನಿಂತಿರುವ ನೋಟವು, ನಗರವೊಂದು ಜನರಿಗಿಂತ ಮೊದಲೇ ಹುಟ್ಟಿದ್ದಕ್ಕೆ ಸ್ಪಷ್ಟ ಸಾಕ್ಷಿಯಾಗಿದೆ.