ಹಳೆಯ ಗೆಳೆಯರು, ಒಂದು ಕೊಲೆ, ಒಂದು ಧರ್ಮಸಂಕಟ: ಯಾವ ಥ್ರಿಲ್ಲರ್ ಓದಬೇಕು?
ಹಳೆ ಸ್ನೇಹಿತರು ಧರ್ಮಸಂಕಟದಲ್ಲಿ ಸಿಕ್ಕಿಹಾಕಿಕೊಳ್ಳುವ ಥ್ರಿಲ್ಲರ್ ಯಾವುದಾದರೂ ಹೇಳಿ, ಇಂಗ್ಲಿಷ್ ಆದರೂ ಪರವಾಗಿಲ್ಲ ಅಂತ ಕೇಳಿದ್ದೀರಿ. ಡೆನಿಸ್ ಲೆಹೇನ್ ಬರೆದ 'ಮಿಸ್ಟಿಕ್ ರಿವರ್' ಓದಿ. 2001ರಲ್ಲಿ ಬಂದ ಕಾದಂಬರಿ. ಕೊಲೆ ಮಾಡಿದ್ದು ಯಾರು ಅಂತ ನಾನು ಬಾಯಿ ಬಿಡುವುದಿಲ್ಲ, ಧೈರ್ಯವಾಗಿ ಮುಂದೆ ಓದಬಹುದು.

ಕತೆ ನಡೆಯುವುದು ಬಾಸ್ಟನ್‌ನ ಕೂಲಿಕಾರರ ಕೇರಿಯಲ್ಲಿ. ಕೇರಿಯ ಹೆಸರು ಕಲ್ಪನೆಯದು, ಆದರೆ ಲೆಹೇನ್ ಬೆಳೆದದ್ದೇ ಬಾಸ್ಟನ್‌ನ ಡಾರ್ಚೆಸ್ಟರ್‌ನಲ್ಲಿ, ಹಾಗಾಗಿ ಆ ಬೀದಿಗಳು ಸುಳ್ಳು ಅನ್ನಿಸುವುದಿಲ್ಲ. 1975ರಲ್ಲಿ ಶಾನ್, ಜಿಮ್ಮಿ, ಡೇವ್ ಅನ್ನುವ ಮೂವರು ಹುಡುಗರು ರಸ್ತೆಯಲ್ಲಿ ಜಗಳ ಆಡುತ್ತಿರುವಾಗ ಪೊಲೀಸರ ಸೋಗಿನಲ್ಲಿ ಇಬ್ಬರು ಕಾರಿನಲ್ಲಿ ಬರುತ್ತಾರೆ. ಡೇವ್ ಕಾರು ಹತ್ತುತ್ತಾನೆ, ಉಳಿದಿಬ್ಬರು ಹತ್ತುವುದಿಲ್ಲ. ನಾಲ್ಕು ದಿನ ಆದಮೇಲೆ ಅವನು ಹೇಗೋ ತಪ್ಪಿಸಿಕೊಂಡು ಬರುತ್ತಾನೆ. ಕೇರಿಯವರು ಪಾರ್ಟಿ ಮಾಡುತ್ತಾರೆ, ಆಮೇಲೆ ಅವನ ಮುಖ ನೋಡುವುದಕ್ಕೇ ಮುಜುಗರ ಪಡುತ್ತಾರೆ.

ಇಪ್ಪತ್ತೈದು ವರ್ಷ ಕಳೆಯುತ್ತದೆ. ಜಿಮ್ಮಿ ಜೈಲಿಗೆ ಹೋಗಿ ಬಂದು ಈಗ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ 19 ವರ್ಷದ ಮಗಳು ಕೊಲೆಯಾಗುತ್ತಾಳೆ. ಕೇಸು ಬರುವುದು ಪೊಲೀಸ್ ಆಗಿರುವ ಶಾನ್ ಕೈಗೆ. ಅದೇ ರಾತ್ರಿ ಡೇವ್ ಮೈತುಂಬ ರಕ್ತ ಮಾಡಿಕೊಂಡು ಮನೆಗೆ ಬಂದಿರುತ್ತಾನೆ.

ಧರ್ಮಸಂಕಟ ಇರುವುದು ಈ ಮೂವರಲ್ಲಿ ಅಂತ ಎಲ್ಲರೂ ಹೇಳುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ನಿಜವಾಗಿ ನರಳುವವಳು ಡೇವ್‌ನ ಹೆಂಡತಿ ಸೆಲೆಸ್ಟ್. ದರೋಡೆಗೆ ಬಂದವನ ಜೊತೆ ಹೊಡೆದಾಡಿದೆ, ಅವನು ಸತ್ತೇ ಹೋಗಿರಬಹುದು ಅಂತ ಗಂಡ ಹೇಳಿದ್ದನ್ನು ನಂಬಿ ಬಟ್ಟೆ ತೊಳೆದುಕೊಟ್ಟವಳು ಅವಳು, ಆಮೇಲೆ ಅಂಥ ಒಂದು ಹೆಣದ ಸುದ್ದಿ ಎಲ್ಲಾದರೂ ಬರುತ್ತದಾ ಅಂತ ಕಾಯುತ್ತಾಳೆ, ಬರುವುದು ಮಾತ್ರ ಜಿಮ್ಮಿಯ ಮಗಳ ಸುದ್ದಿ. ಜಿಮ್ಮಿಯ ಹೆಂಡತಿ ಬೇರೆ ಅವಳ ಸಂಬಂಧಿ. ಬಾಯಿ ಬಿಟ್ಟರೆ ಗಂಡ ಹೋಗುತ್ತಾನೆ, ಸುಮ್ಮನಿದ್ದರೆ ಕೊಲೆಗಾರನ ಪಕ್ಕ ಮಲಗಬೇಕಾಗಬಹುದು. ಅತ್ತ ದರಿ ಇತ್ತ ಪುಲಿ ಅನ್ನುತ್ತೇವಲ್ಲ, ಅದೇ. ಅವಳ ಅಧ್ಯಾಯಗಳನ್ನು ನಾನು ನಿಧಾನವಾಗಿ ಓದಿದೆ, ಬೇರೆ ಥ್ರಿಲ್ಲರ್‌ಗಳಲ್ಲಿ ಹಾಗೆ ಮಾಡುವವನೇ ಅಲ್ಲ.

ಇನ್ನೊಂದು ಮಾತು. ಇವರು ನಿಜಕ್ಕೂ ಗೆಳೆಯರೇ? ಡೇವ್ ಮೊದಲಿಂದಲೂ ಜಿಮ್ಮಿಯ ಬಾಲ ಹಿಡಿದುಕೊಂಡು ತಿರುಗಿದವನು, ಅಷ್ಟೇ. ಚಿಕ್ಕಂದಿನಿಂದ ನೋಡಿದ್ದೇನೆ ಅನ್ನುವ ಒಂದೇ ಕಾರಣಕ್ಕೆ ಒಬ್ಬನ ಒಳಗೇನಿದೆ ಅಂತ ಗೊತ್ತು ಅಂದುಕೊಳ್ಳುತ್ತೇವಲ್ವಾ, ಜಿಮ್ಮಿಯ ಅನುಮಾನ ಬೆಳೆಯುವುದು ಅಲ್ಲೇ.

ಬೇಜಾರಾಗುವ ಕಡೆಯೂ ಇದೆ. ತನಿಖೆಯ ಭಾಗ ಸ್ವಲ್ಪ ಜಾಸ್ತಿ ಎಳೆದಿದ್ದಾರೆ, ಶಾನ್‌ಗೆ ಬಿಟ್ಟುಹೋದ ಹೆಂಡತಿ ಫೋನ್ ಮಾಡಿ ಮಾತಾಡದೇ ಇರುವ ಎಳೆ ನನಗೆ ಹಿಡಿಸಲಿಲ್ಲ. ಪಕ್ಕಾ ಓಟದ ಕತೆ ಬೇಕು ಅಂದರೆ ಇದು ಬೇಡ.

ಕ್ಲಿಂಟ್ ಈಸ್ಟ್‌ವುಡ್ 2003ರಲ್ಲಿ ಇದನ್ನು ಸಿನಿಮಾ ಮಾಡಿದರು, ಶಾನ್ ಪೆನ್ ಮತ್ತು ಟಿಮ್ ರಾಬಿನ್ಸ್ ಇಬ್ಬರಿಗೂ ಆಸ್ಕರ್ ಬಂತು. ಚೆನ್ನಾಗಿದೆ, ಆದರೆ ಆಮೇಲೆ ನೋಡಿ. ಸಿನಿಮಾದಲ್ಲಿ ಸೆಲೆಸ್ಟ್‌ಳ ಹೆದರಿಕೆ ಮುಖದ ಮೇಲೆ ಕಾಣುತ್ತದೆ, ಆ ಹೆದರಿಕೆ ಒಳಗೊಳಗೇ ಹೇಗೆ ಲೆಕ್ಕ ಹಾಕುತ್ತದೆ ಅನ್ನುವುದು ಸಿಗುವುದು ಪುಸ್ತಕದಲ್ಲೇ.